ಅಮೆರಿಕದಲ್ಲಿ ಫಾಸ್ಟರ್ ಕೇರ್‌ನಲ್ಲಿ (ಹೆತ್ತವರ ಬದಲು ಸರ್ಕಾರದ ಉಸ್ತುವಾರಿಲಿ ಬೇರೆಯವರ ಹತ್ರ) ಬೆಳೆದವರಿಗೆ ಕಾಲೇಜ್ ಓದೋಕೆ ಸರ್ಕಾರ ದುಡ್ಡು ಕೊಡುತ್ತಾ?

ಕೊಡುತ್ತೆ, ಆದ್ರೆ ಒಂದೇ ಕಡೆಯಿಂದ ಪೂರ್ತಿ ಬರಲ್ಲ, ಎರಡು ಮೂರು ಕಡೆಯಿಂದ ಹೊಂದಿಸ್ಕೋಬೇಕು.

ಮೊದ್ಲು ಫಾಫ್ಸಾ ಅರ್ಜಿ ತುಂಬಿ, ಓದಿಗೆ ಕೇಂದ್ರ ಸರ್ಕಾರದ ನೆರವು ಕೇಳೋ ಫಾರಂ ಅದು. 13 ವರ್ಷ ಆದ್ಮೇಲೆ ಯಾವತ್ತಾದ್ರೂ ಫಾಸ್ಟರ್ ಕೇರ್‌ನಲ್ಲಿ ಇದ್ರಾ ಅಂತ ಅದ್ರಲ್ಲಿ ಕೇಳ್ತಾರೆ, ಹೌದು ಅಂದ್ರೆ ನಿಮ್ಮನ್ನ ಇಂಡಿಪೆಂಡೆಂಟ್ ಸ್ಟೂಡೆಂಟ್ ಅಂತ ಲೆಕ್ಕ ಹಾಕ್ತಾರೆ, ಅಂದ್ರೆ ಹೆತ್ತವರ ಆದಾಯ ಆಗ್ಲಿ ಸಾಕಿದವರ ಆದಾಯ ಆಗ್ಲಿ ತೋರಿಸೋದೇ ಬೇಡ, ಹಾಗಾಗಿ ಪೆಲ್ ಗ್ರಾಂಟ್, ಅಂದ್ರೆ ಕೇಂದ್ರ ಸರ್ಕಾರ ಕೊಡೋ ವಾಪಸ್ ಕಟ್ಟಬೇಕಿಲ್ಲದ ದುಡ್ಡು, ಪೂರ್ತಿ ಸಿಗೋ ಚಾನ್ಸ್ ಜಾಸ್ತಿ (2024-25ರಲ್ಲಿ ಗರಿಷ್ಠ 7,395 ಡಾಲರ್). ಈ ಪ್ರಶ್ನೆನ ಸುಮ್ನೆ ದಾಟಿ ಹೋಗ್ಬೇಡಿ, ನನ್ ಪ್ರಕಾರ ಇಡೀ ಅರ್ಜಿಲಿ ಮುಖ್ಯವಾದ್ದು ಇದೇ.

ಇನ್ನೊಂದು ಚೇಫಿ ವೋಚರ್, ಇಟಿವಿ (ಎಜುಕೇಶನ್ ಅಂಡ್ ಟ್ರೈನಿಂಗ್ ವೋಚರ್) ಅಂತಾರೆ. ಇದು ಫಾಸ್ಟರ್ ಕೇರ್‌ನವರಿಗೆ ಅಂತಲೇ ಇರೋದು. ವರ್ಷಕ್ಕೆ 5,000 ಡಾಲರ್ ತನಕ, ಒಟ್ಟು 5 ವರ್ಷ, ವಯಸ್ಸು 26 ಆಗೋವರೆಗೆ. ಸಾಲ ಅಲ್ಲ ಇದು, ಫೀಸಿಗೆ ಮಾತ್ರ ಅಂತಲೂ ಇಲ್ಲ, ಬಾಡಿಗೆ, ಪುಸ್ತಕ, ಓಡಾಟಕ್ಕೂ ಬಳಸ್ಬೋದು. 16 ಆದ್ಮೇಲೆ ದತ್ತು ಹೋದವರಿಗೂ ಸಿಗುತ್ತೆ, ಇದು ಸುಮಾರು ಜನಕ್ಕೆ ಗೊತ್ತೇ ಇರಲ್ಲ! ದುಡ್ಡು ಕೇಂದ್ರದ್ದು, ಹಂಚೋದು ಆಯಾ ರಾಜ್ಯ, ಅವರ ಹತ್ರ ಇರೋ ದುಡ್ಡಿಗೆ ಮಿತಿ ಇರೋದ್ರಿಂದ ತಡ ಮಾಡಿದ್ರೆ ಕಷ್ಟ.

ಆಮೇಲೆ ನಿಮ್ಮ ರಾಜ್ಯದ ರೂಲ್ಸ್ ನೋಡಿ. ಟೆಕ್ಸಾಸ್‌ನಂಥ ಕಡೆ ಸರ್ಕಾರಿ ಕಾಲೇಜುಗಳಲ್ಲಿ ಟ್ಯೂಷನ್ ಫೀಸೇ ಮಾಫಿ ಇದೆ. ಫಾಸ್ಟರ್ ಕೇರ್‌ನಲ್ಲಿ ಇದ್ದಿದ್ದಕ್ಕೆ ಪುರಾವೆ ಪತ್ರನ ಕೇಸ್‌ವರ್ಕರ್ (ನಿಮ್ಮ ಫಾಸ್ಟರ್ ಕೇರ್ ವಿಷಯ ನೋಡ್ಕೊಳ್ಳೋ ಸಿಬ್ಬಂದಿ) ಹತ್ರ ಈಗ್ಲೇ ಕೇಳಿ ಇಟ್ಕೊಳ್ಳಿ, ಕಾಲೇಜ್‌ನವರು ಕೇಳಿದ ದಿನ ಓಡಾಡೋ ಹಾಗಾಗ್ಬಾರ್ದು.