ಪೆರು ಕಡಲಿಗೂ ಮಘೆ ಮಳೆಗೂ ಏನು ನಂಟು?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: “ಎಲ್ಲೋ ಪೆರು ದೇಶದ ಕಡಲು ಅರ್ಧ ಡಿಗ್ರಿ ಬಿಸಿಯಾದರೆ ನಮ್ಮ ತೋಟಕ್ಕೇನು? 1997ರಲ್ಲಿ ಭಾರಿ ಎಲ್ ನಿನೊ ಅಂದರು, ಮಳೆ ಬಂದೇ ಬಂತು. ಪಂಚಾಂಗದ ಮಳೆ ನಕ್ಷತ್ರ ಸಾಲದೇ?”

ಪಂಚಾಂಗ ಬಿಡಿ ಎನ್ನುವವರು ನಾವಲ್ಲ. ಸಸಿಮಡಿ ಯಾವಾಗ, ನಾಟಿ ಯಾವಾಗ ಎನ್ನಲು ಅದು ಒಳ್ಳೆಯ ವೇಳಾಪಟ್ಟಿ. ಆದರೆ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿದ್ದರೆ ವೇಳಾಪಟ್ಟಿ ಹೇಳುವುದಿಲ್ಲ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಅನ್ನುತ್ತೇವಲ್ಲ, 2023ರ ಆಗಸ್ಟಿನಲ್ಲಿ ಆಶ್ಲೇಷ, ಮಘೆ ಎರಡೂ ಪಂಚಾಂಗದಲ್ಲಷ್ಟೇ ಇದ್ದವು. ದೇಶದ ಮಟ್ಟಿಗೆ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ದಾಖಲಾಗಿರಲಿಲ್ಲ, ಕೊರತೆ ಶೇ 36. ರಾಜ್ಯದ 223 ತಾಲ್ಲೂಕುಗಳು ಬರಪಟ್ಟಿ ಸೇರಿದವು. ಅದು ಎಲ್ ನಿನೊ ವರ್ಷ, ಅಂದರೆ ಶಾಂತಸಾಗರದ ನಡು ಮತ್ತು ಪೂರ್ವ ಭಾಗ ವಾಡಿಕೆಗಿಂತ ಬಿಸಿಯಾದ ವರ್ಷ.

ನೀವು ಪೆರು ಅಂದದ್ದು ಒಳ್ಳೆಯದೇ ಆಯಿತು, ಗುಟ್ಟು ಅಲ್ಲೇ ಇದೆ. ಸಾಮಾನ್ಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ಗಾಳಿ ಶಾಂತಸಾಗರದ ಬಿಸಿನೀರನ್ನು ಇಂಡೊನೇಷ್ಯಾ ಕಡೆಗೆ ತಳ್ಳಿ ಒಟ್ಟುಮಾಡುತ್ತದೆ. ಗಾಳಿ ಸೋತರೆ ಆ ನೀರು ಪೂರ್ವಕ್ಕೆ ಸರಿಯುತ್ತದೆ, ಮೋಡ ಏಳುವ ಜಾಗವೂ ಜೊತೆಗೆ ಸರಿಯುತ್ತದೆ. ಅಲ್ಲಿ ಎದ್ದ ಗಾಳಿ ಎಲ್ಲಾದರೂ ಇಳಿಯಲೇಬೇಕು. ಅದು ನಮ್ಮ ನೆತ್ತಿಯ ಮೇಲೆ ಇಳಿದರೆ ಮೋಡ ಏಳುವುದಿಲ್ಲ. 1997ರಲ್ಲಿ ಕಾವು ಹೆಚ್ಚಾಗಿ ಪೆರು ಬದಿಗಿತ್ತು. ಜೊತೆಗೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಸುಮಾತ್ರಾ ಬದಿ ತಣ್ಣಗಿತ್ತು. ಈ ‘ದ್ವಿಧ್ರುವ’ವನ್ನು ವಿಜ್ಞಾನಿಗಳು 1999ರಲ್ಲಿ ಗುರುತಿಸಿ ಹೆಸರಿಟ್ಟರು. ಅದು ನಮ್ಮ ನೆರವಿಗೆ ಬಂದ ಆ ವರ್ಷ ದೇಶದ ಮಳೆ ವಾಡಿಕೆಯ ಶೇ 102. 2002ರ ಎಲ್ ನಿನೊ ಅಷ್ಟು ಜೋರಿನದಲ್ಲ, ಆದರೆ ಕಾವು ಶಾಂತಸಾಗರದ ನಡುವೆ ಕೂತಿತು. ಜುಲೈ ಮಳೆ ಅರ್ಧಕ್ಕಿಳಿಯಿತು. ಕಡಲು ಎಷ್ಟು ಬಿಸಿಯಾಯಿತು ಎಂದಷ್ಟೇ ಕೇಳಿದರೆ ಸಾಲದು ಸ್ವಾಮಿ, ಎಲ್ಲಿ ಬಿಸಿಯಾಯಿತು ಎಂದೂ ಕೇಳಬೇಕು.

ನಿಮ್ಮ ಸಿಟ್ಟಿಗೆ ಕಾರಣ ಕಡಲಲ್ಲ, ಟಿವಿ ಎಂಬುದು ನಮ್ಮ ಗುಮಾನಿ. ಮಾರ್ಚ್ ಬಂತೆಂದರೆ ‘ಎಲ್ ನಿನೊ ಭೀತಿ’ ಶುರು. ಮಾರ್ಚ್-ಏಪ್ರಿಲ್‌ನಲ್ಲಿ ಮಾಡಿದ ಅಂದಾಜು ವರ್ಷದಲ್ಲೇ ಅತಿ ದುರ್ಬಲ ಎಂಬುದನ್ನು ಯಾರೂ ಹೇಳುವುದಿಲ್ಲ. ಜೂನ್ ಹೊತ್ತಿಗೆ ಅಂದಾಜು ಗಟ್ಟಿಯಾದಾಗ ಕ್ಯಾಮೆರಾ ಬೇರೆ ಕಡೆ ತಿರುಗಿರುತ್ತದೆ. ಇನ್ನು ಆ ‘ವಾಡಿಕೆ ಮಳೆ’ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದ ಸರಾಸರಿ, 87 ಸೆಂ.ಮೀ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಗೂ, ಅದರ ಕಾಲು ಭಾಗವೂ ಕಾಣದ ಶಿಕಾರಿಪುರಕ್ಕೂ ಅದೇ ಸುದ್ದಿ!

ಹಾಗಾದರೆ ಮಾಡುವುದೇನು? ಅಂಗಳದಲ್ಲಿ ಮಳೆಮಾಪಕ ಇಡಿ. 20 ಸೆಂ.ಮೀ. ಬಾಯಿಯ ಆಲಿಕೆಯನ್ನು 5 ಲೀಟರಿನ ಕ್ಯಾನಿಗೆ ಸಿಕ್ಕಿಸಿ; ಬಿದ್ದ ನೀರಿನಲ್ಲಿ ಪ್ರತಿ 31 ಮಿಲಿಲೀಟರಿಗೆ 1 ಮಿ.ಮೀ. ಮಳೆ. ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಡಿ, ಹವಾಮಾನ ಇಲಾಖೆಯ ದಿನವೂ ಆಗಲೇ ಮುಗಿಯುವುದು. ಅಡಿಕೆ ಮರದ ಕೆಳಗೆ, ಸೂರಿನ ಹನಿಗೆ ಇಡಬೇಡಿ. ಪಕ್ಕದ ಮರದ ಎತ್ತರದ ಎರಡರಷ್ಟು ದೂರವಿರಲಿ. ನಮ್ಮ ಕಡೆ ಎಲ್ಲರೂ ಎಡವುವುದು ಒಂದೇ ಕಡೆ: 160 ಮಿ.ಮೀ. ಹತ್ತಿರ ಬಂದರೆ ಆ ಕ್ಯಾನು ತುಂಬಿ ಚೆಲ್ಲುತ್ತದೆ, ಬೆಳಿಗ್ಗೆ ನೋಡಿದವರು 160 ಎಂದೇ ಬರೆದುಕೊಳ್ಳುತ್ತಾರೆ. ಜಡಿಮಳೆಯ ದಿನ ರಾತ್ರಿ ಮಲಗುವ ಮುಂಚೆ ಒಮ್ಮೆ ಅಳೆದು ಖಾಲಿ ಮಾಡಿ, ಬೆಳಗಿನದಕ್ಕೆ ಕೂಡಿಸಿ.

ಎಲ್ ನಿನೊ ವರ್ಷ ಜುಲೈ-ಆಗಸ್ಟಿನಲ್ಲಿ ಹೊಳವು (ಮಳೆಯ ಬಿಡುವು) ಉದ್ದವಾಗುವ ಸಂಭವ ಹೆಚ್ಚು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಲು ಅದು ಅನುಕೂಲವೇ, ಮರ ಹತ್ತುವ ಕೊನೆಗಾರ ಸಿಕ್ಕರೆ! 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಕಬ್ಬಿಣದ ಚಾಕು ಅದ್ದಿದಾಗ ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದೇ ಲೆಕ್ಕ. ಅದೇ ವರ್ಷ ಅಕ್ಟೋಬರ್ ನಂತರದ ಹಿಂಗಾರು ದಕ್ಷಿಣದಲ್ಲಿ ಜೋರಾಗುವುದೂ ಹೆಚ್ಚು, ಬೇಯಿಸಿದ ಅಡಿಕೆ ಒಣಗಲು ಚಪ್ಪರದ ಮೇಲಿರುವ ಹೊತ್ತಿಗೇ. ಟಾರ್ಪಾಲು ಮೊದಲೇ ತಂದಿಟ್ಟುಕೊಳ್ಳಿ.

ಅಂಕಿಗಳನ್ನು ನಿಮ್ಮ ಪಂಚಾಂಗದ ಅಂಚಿನಲ್ಲೇ ಬರೆಯಿರಿ, ಆರಿದ್ರಕ್ಕೆ ಇಷ್ಟು, ಮಘೆಗೆ ಇಷ್ಟು ಎಂದು. ಸ್ವಾತಿ ಕಳೆದ ಮೇಲೆ ಆ ಹಾಳೆಯ ನಕಲು ಕಳಿಸಿಕೊಡಿ, ಅಚ್ಚು ಹಾಕುತ್ತೇವೆ.

— ಸಂಪಾದಕ