ಗಂಜಿತಿಳಿ, ಅಮೃತಂ ಪುಡಿ ಮತ್ತು ಸೊರಗಿದ ಮಗು: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಾನು ಪೆರ್ಲದ ಸಮೀಪ ಅಂಗನವಾಡಿ ಟೀಚರ್. ನಮ್ಮಲ್ಲಿ 17 ತಿಂಗಳ ಮಗುವೊಂದರ ತೂಕ 7 ಕಿಲೋ, ತೋಳಿನ ಸುತ್ತಳತೆ 11.2 ಸೆಂಟಿಮೀಟರ್ ಇದೆ. ಮಕ್ಕಳ ಪೂರಕ ಆಹಾರವಾದ ಅಮೃತಂ ಪುಡಿಯನ್ನು ತಪ್ಪದೆ ಕೊಡುತ್ತಿದ್ದೇನೆ. ಮನೆಯಲ್ಲಿ ಅಜ್ಜಿ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ದಿನಕ್ಕೆ ಐದಾರು ಬಾರಿ ಕುಡಿಸುತ್ತಾರೆ. ಮಗುವಿಗೆ ಜ್ವರವಿಲ್ಲ, ಆಟವಾಡುತ್ತದೆ. ಊರಿನ ಆಹಾರದಿಂದಲೇ ಸರಿಪಡಿಸಬಹುದೇ ಅಥವಾ ಆಸ್ಪತ್ರೆಗೆ ಕಳುಹಿಸಲೇಬೇಕೇ?

ಉತ್ತರ: ಮೊದಲು ವೈದ್ಯರಿಗೆ ತೋರಿಸಿ, ಟೀಚರ್, ಮತ್ತು ಈ ವಾರವೇ ತೋರಿಸಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ, ಅಂದರೆ ಅಳತೆಪಟ್ಟಿಯ ಕೆಂಪು ಭಾಗದಲ್ಲಿದ್ದರೆ, ಅದು ತೀವ್ರ ಅಪೌಷ್ಟಿಕತೆ. ಆದರೆ ತೋರಿಸುವುದೆಂದರೆ ಆಸ್ಪತ್ರೆಗೆ ದಾಖಲಿಸುವುದೆಂದೇ ಅರ್ಥವಲ್ಲ. ಹಸಿವಿದ್ದು, ಜ್ವರ, ವಾಂತಿ, ಮಂಪರು, ಪಾದಗಳ ಬಾವು ಇವಾವುವೂ ಇಲ್ಲದ ಮಗುವಿಗೆ ಮನೆಯಲ್ಲಿಯೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಕ ನೋಡುತ್ತಾ ಚಿಕಿತ್ಸೆ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು 2007ರ ಜಂಟಿ ಹೇಳಿಕೆಯಲ್ಲಿಯೇ ಒಪ್ಪಿಕೊಂಡಿವೆ. ಆ ನಿರ್ಧಾರವನ್ನು ವೈದ್ಯರು ಮಗುವಿನ ಹಸಿವನ್ನು ಪರೀಕ್ಷಿಸಿ ತೆಗೆದುಕೊಳ್ಳಬೇಕು. ಕೊಟ್ಟ ಆಹಾರವನ್ನು ಮಗು ನಿರಾಕರಿಸಿದರೆ ಅದನ್ನು ಹಟವೆಂದು ತಿಳಿಯದೆ ಒಳಗೆ ಸೋಂಕಿದೆಯೆಂದು ಸಂಶಯಿಸಬೇಕು.

ಗಂಜಿತಿಳಿಯ ವಿಷಯವನ್ನು ಅಜ್ಜಿಯವರಿಗೆ ಲೆಕ್ಕ ಹಾಕಿ ತೋರಿಸುವುದು ಒಳ್ಳೆಯದು, ಏಕೆಂದರೆ ಅವರ ಪ್ರೀತಿಯಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಪಾತ್ರೆಯಲ್ಲಿ. ಸೊರಗಿದ ಮಗು ಮತ್ತೆ ಮೈದುಂಬಿಕೊಳ್ಳಲು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 175 ಕಿಲೋಕ್ಯಾಲೊರಿ ಬೇಕು. ಈ ಮಗುವಿಗೆ ಅದು ಸುಮಾರು 1,200 ಆಗುತ್ತದೆ. ಹತ್ತು ಗ್ರಾಂ ಅಕ್ಕಿಯನ್ನು 100 ಮಿಲಿಲೀಟರ್ ನೀರಿನಲ್ಲಿ ಬೇಯಿಸಿದ ತೆಳು ಗಂಜಿಯಲ್ಲಿ ಸಿಗುವುದು 35 ಮಾತ್ರ. ಹಾಗಾದರೆ ದಿನಕ್ಕೆ ಮೂರು ಲೀಟರಿಗೂ ಹೆಚ್ಚು ಗಂಜಿ ಕುಡಿಸಬೇಕಾಯಿತು. ಈ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಹೆಚ್ಚೆಂದರೆ ಒಂದು ಲೋಟ. ಅನ್ನವನ್ನು ಬಸಿದು ತಿಳಿಯನ್ನಷ್ಟೇ ಕೊಟ್ಟರೆ ಲೆಕ್ಕ ಇನ್ನೂ ಕೆಡುತ್ತದೆ.

ಅಮೃತಂ ಪುಡಿ ನಮ್ಮ ಕಾಸರಗೋಡು ಜಿಲ್ಲೆ ಹೆಮ್ಮೆಪಡಬೇಕಾದ ವಸ್ತು. ಇಲ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ರೂಪುಗೊಂಡ ಅದನ್ನು ಇಂದು ಕೇರಳದುದ್ದಕ್ಕೂ ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸುತ್ತಾರೆ. ಗೋಧಿ, ಕಡಲೆಬೇಳೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿದ ಆ ಪುಡಿ ಮೂರು ವರ್ಷದೊಳಗಿನ ಮಕ್ಕಳ ದಿನನಿತ್ಯದ ಪೋಷಣೆಗೆ ಪೂರಕ ಆಹಾರ. ತೀವ್ರವಾಗಿ ಸೊರಗಿದ ಮಗುವಿನ ಔಷಧವಲ್ಲ. ಆ ಮಗುವಿಗೆ ಹಾಲಿನ ಸಸಾರಜನಕ (ಪ್ರೋಟೀನ್), ಪೊಟ್ಯಾಸಿಯಮ್, ಮೆಗ್ನೀಸಿಯಮ್, ಸತು ಇವೆಲ್ಲ ಒಟ್ಟಿಗೆ, ತಕ್ಕ ಪ್ರಮಾಣದಲ್ಲಿ ಸಿಗಬೇಕು. ಎಣ್ಣೆ ಮಾತ್ರ ಹೆಚ್ಚಿಸಿದರೆ ಶಕ್ತಿ ಹೆಚ್ಚುತ್ತದೆಯೇ ಹೊರತು ಇವು ಹೆಚ್ಚುವುದಿಲ್ಲ.

ವೈದ್ಯರನ್ನು ಕಾಣುವವರೆಗೆ ಮತ್ತು ಮುಂದೆ ಮಗು ಚೇತರಿಸಿಕೊಂಡ ನಂತರ, ಪುಡಿಯನ್ನು ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಬೇಯಿಸಿ, ಒಂದು ಚಮಚ ತೆಂಗಿನೆಣ್ಣೆ ಬೆರೆಸಿ, ಮೊಟ್ಟೆಯನ್ನೋ ಮುಳ್ಳು ತೆಗೆದ ಬೂತಾಯಿ ಮೀನನ್ನೋ ಜೊತೆಗೆ ಕೊಡಿಸಿ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡಿ ಬೆರೆಸಿ ಕುದಿಸಿದರೆ ಗಟ್ಟಿ ಅಂಬಲಿಯೂ ನುಂಗಲು ಸುಲಭವಾಗುವಷ್ಟು ಸಡಿಲಗೊಳ್ಳುತ್ತದೆ, ನೀರು ಸೇರಿಸಬೇಕಾಗುವುದಿಲ್ಲ. ಎದೆಹಾಲು ನಿಲ್ಲಿಸಬಾರದು.

ಪ್ರಶ್ನೆ: ನೆಲಗಡಲೆಯಿಂದ ಮಾಡಿದ ಪೊಟ್ಟಣದ ಆಹಾರ ಆಫ್ರಿಕದಲ್ಲಿ ಅನೇಕ ಮಕ್ಕಳನ್ನು ಉಳಿಸಿದೆಯೆಂದು ಓದಿದೆ. ಮುಳ್ಳೇರಿಯದ ನಮ್ಮ ಮಹಿಳಾ ಘಟಕದಲ್ಲಿಯೂ ಅದನ್ನು ತಯಾರಿಸಬಹುದೇ?

ಉತ್ತರ: ನಿಮ್ಮ ಉತ್ಸಾಹಕ್ಕೆ ನಾನು ತಣ್ಣೀರೆರಚುವುದಿಲ್ಲ, ಆದರೆ ಇದು ಚಿಕ್ಕಿ ಮಾಡಿದಂತಲ್ಲ. ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ 1990ರ ದಶಕದಲ್ಲಿ ಕಂಡುಕೊಂಡ ಉಪಾಯವೆಂದರೆ, ಹಾಲಿನ ಪುಡಿ, ಸಕ್ಕರೆ, ಜೀವಸತ್ವ ಮತ್ತು ಖನಿಜಗಳ ಮಿಶ್ರಣವನ್ನು ನುಣ್ಣಗಿನ ನೆಲಗಡಲೆ ಮುದ್ದೆ ಮತ್ತು ಎಣ್ಣೆಯೊಳಗೆ ಸೇರಿಸಿಬಿಡುವುದು. ನೀರಿನಂಶವಿಲ್ಲದ ಕಾರಣ ಅದರಲ್ಲಿ ರೋಗಾಣುಗಳು ಬೆಳೆಯುವುದಿಲ್ಲ, ಬೇಯಿಸಬೇಕಾಗಿಲ್ಲ, ಕೊಳಕು ನೀರಿನಲ್ಲಿ ಕಲಸಬೇಕಾಗಿಲ್ಲ. 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋಕ್ಯಾಲೊರಿ ಇರುವುದರಿಂದ ಏಳು ಕಿಲೋ ಮಗುವಿಗೆ ದಿನಕ್ಕೆ ಎರಡೂವರೆ ಪೊಟ್ಟಣ ಸಾಕಾಗುತ್ತದೆ. 2005ರಲ್ಲಿ ನೈಜರ್ ದೇಶದಲ್ಲಿ ಬರಗಾಲದ ಹೊತ್ತಿಗೆ ಗಡಿರಹಿತ ವೈದ್ಯರ ಸಂಸ್ಥೆ 60,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ನೀಡಿತು, ಬಹುಪಾಲು ಮಕ್ಕಳಿಗೆ ಮನೆಯಲ್ಲಿಯೇ. ಮಲಾವಿಯಲ್ಲಿ ಅದನ್ನು ಅಲ್ಲಿಯೇ ಬೆಳೆದ ನೆಲಗಡಲೆಯಿಂದ ತಯಾರಿಸಿದರು.

ನಮ್ಮ ದೇಶದ ಅನುಭವವೂ ಇದೆ. ದೆಹಲಿ, ರಾಜಸ್ಥಾನ, ತಮಿಳುನಾಡುಗಳಲ್ಲಿ 906 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಥಳೀಯವಾಗಿ ತಯಾರಿಸಿದ ಈ ಬಗೆಯ ಆಹಾರ ತಿಂದವರಲ್ಲಿ ಶೇಕಡಾ 56.9 ಮಕ್ಕಳು ಚೇತರಿಸಿಕೊಂಡರು. ಕಾರ್ಖಾನೆಯ ಪೊಟ್ಟಣ ತಿಂದವರಲ್ಲಿ 47.5, ಪುಷ್ಟಿಗೊಳಿಸಿದ ಮನೆಯ ಆಹಾರ ತಿಂದವರಲ್ಲಿ 42.8. ಸ್ಥಳೀಯ ತಯಾರಿಕೆ ಕೀಳೆಂಬ ಭಾವನೆಗೆ ಇದರಲ್ಲಿ ಆಧಾರವಿಲ್ಲ. ಆದರೂ ಮೂರೂ ಗುಂಪುಗಳಲ್ಲಿ ಎಷ್ಟೋ ಮಕ್ಕಳು ಚೇತರಿಸಿಕೊಳ್ಳದೆ ಉಳಿದರು ಎಂಬುದನ್ನು ನಾನು ಮರೆಯಲಾರೆ.

ನನ್ನ ಅಭಿಪ್ರಾಯದಲ್ಲಿ ಕಷ್ಟ ಇರುವುದು ನೆಲಗಡಲೆಯಲ್ಲಿಯೇ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕಾಳನ್ನು ಆರಿಸಿ, ಪ್ರತಿ ಸಲ ತಯಾರಿಸಿದ್ದನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆಯಿಲ್ಲದೆ ರೋಗಿ ಮಗುವಿಗೆ ಕೊಡುವ ಆಹಾರ ತಯಾರಿಸಬಾರದು. ಖನಿಜಗಳ ಮಿಶ್ರಣವೂ ಅಂದಾಜಿನಲ್ಲಿ ಹಾಕುವಂಥದಲ್ಲ. ಆರೋಗ್ಯ ಇಲಾಖೆಯ ಒಪ್ಪಿಗೆ, ಆಹಾರ ತಜ್ಞರ ಮೇಲ್ವಿಚಾರಣೆ ಎರಡೂ ದೊರೆತರೆ ಮಾತ್ರ ಮುಂದುವರಿಯಿರಿ. ಅಲ್ಲಿಯವರೆಗೆ ಅಮೃತಂ ಪುಡಿಯನ್ನು ಶುದ್ಧವಾಗಿ ತಯಾರಿಸುವುದೇ ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ.

ಪ್ರಶ್ನೆ: ನನ್ನ ಮೊಮ್ಮಗನ ಕಾಲುಗಳು ದುಂಡಗಿವೆ, ಮುಖವೂ ತುಂಬಿಕೊಂಡಿದೆ, ಆದರೆ ಅವನು ಸದಾ ಕಿರಿಕಿರಿ ಮಾಡುತ್ತಾನೆ, ತಿನ್ನುವುದಿಲ್ಲ. ದಪ್ಪಗಿರುವ ಮಗುವಿಗೆ ಪೋಷಣೆಯ ಕೊರತೆ ಇರಬಹುದೇ?

ಉತ್ತರ: ಇರಬಹುದು, ಅಮ್ಮಾ. ಅವನ ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಹಿಡಿದು ಬಿಡಿ. ಎರಡರಲ್ಲಿಯೂ ಗುಳಿ ಉಳಿದರೆ ಅದು ಮೈದುಂಬಿದ್ದಲ್ಲ, ನೀರು ತುಂಬಿದ ಬಾವು. ತೋಳಿನ ಅಳತೆ ಹಸಿರಿನಲ್ಲಿದ್ದರೂ ಅದನ್ನು ನಂಬದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿಯಲ್ಲಿ ಮಗುವನ್ನು ಬೆಚ್ಚಗೆ ಹೊದಿಸಿಕೊಂಡಿರಿ.