ಫ್ಯಾನ್ ನಿಂತರೂ ಸಿಮ್ಯುಲೇಶನ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಸ್ವಿಚ್ ಆಫ್ ಮಾಡಿದ ಮೇಲೆ ಸೀಲಿಂಗ್ ಫ್ಯಾನ್ ನಿಧಾನವಾಗುವುದನ್ನು ಮಾಡೆಲ್ ಮಾಡಿದ್ದೇನೆ. ಪುಸ್ತಕದಲ್ಲಿರುವಂತೆ ಒಂದು ಇನರ್ಷಿಯಾ (ತಿರುಗುವ ವೇಗ ಬದಲಾಗದಂತೆ ಹಿಡಿಯುವ ಜಡತ್ವ), ಒಂದು ಡ್ಯಾಂಪರ್ (ತಿರುಗುವುದನ್ನು ತಡೆಯುವ ಭಾಗ). ಮನೆಯ ಫ್ಯಾನ್ ಒಂದೂವರೆ ನಿಮಿಷದೊಳಗೆ ನಿಲ್ಲುತ್ತದೆ. ಸಿಮ್ಯುಲೇಶನ್‌ನಲ್ಲಿ ಐದು ನಿಮಿಷವಾದರೂ ವೇಗ ಸೊನ್ನೆ ಮುಟ್ಟುವುದಿಲ್ಲ. ಡ್ಯಾಂಪಿಂಗ್ ಜಾಸ್ತಿ ಮಾಡಿದರೆ ಶುರುವಿನಲ್ಲೇ ವೇಗ ಧೊಪ್ಪನೆ ಬೀಳುತ್ತದೆ. ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆ ಡ್ಯಾಂಪರ್ ಮಾತ್ರ ಫ್ಯಾನಿಗೆ ಸೇರಿದ್ದಲ್ಲ. ಪುಸ್ತಕದ ಡ್ಯಾಂಪರ್‌ನಲ್ಲಿ ತಡೆಯುವ ಟಾರ್ಕ್, ಅಂದರೆ ತಿರುಗುವಿಕೆಯ ಮೇಲೆ ಬೀಳುವ ಬಲ, ವೇಗಕ್ಕೆ ತಕ್ಕಷ್ಟೇ ಇರುತ್ತದೆ. ವೇಗ ಅರ್ಧವಾದರೆ ತಡೆಯೂ ಅರ್ಧ. ಹೀಗೆ ಅರ್ಧದ ಅರ್ಧ ಆಗುತ್ತಾ ಹೋದರೆ ಸೊನ್ನೆ ಬರುವುದಾದರೂ ಎಂದು? ದಪ್ಪ ಎಣ್ಣೆಯೊಳಗೆ ತಿರುಗುವ ಶಾಫ್ಟಿಗೆ ಈ ಮಾಡೆಲ್ ಚೆನ್ನಾಗಿ ಒಪ್ಪುತ್ತದೆ. ಪುಸ್ತಕಗಳು ಅದನ್ನೇ ಹಿಡಿದುಕೊಂಡಿರುವುದು ಅದರ ಸಮೀಕರಣ ಬಿಡಿಸುವುದು ಸುಲಭ ಅಂತ, ಅಷ್ಟೇ.

ಫ್ಯಾನನ್ನು ತಡೆಯುವುದು ಎರಡು. ಒಂದು ಗಾಳಿ, ಅದರ ಟಾರ್ಕ್ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಇನ್ನೊಂದು ಬೇರಿಂಗ್‌ನ ಉಜ್ಜಾಟ. ಅದು ವೇಗ ಎಷ್ಟೇ ಇರಲಿ ಬಹುಪಾಲು ಅಷ್ಟೇ. ಹಾಗಾಗಿ ಸಮೀಕರಣ ಹೀಗಾಗುತ್ತದೆ:

ಇನರ್ಷಿಯಾ × ವೇಗ ಬದಲಾಗುವ ದರ = − (ಗಾಳಿಯ ಗುಣಾಂಕ × ವೇಗದ ವರ್ಗ) − ಬೇರಿಂಗ್ ಟಾರ್ಕ್

ಸಂಖ್ಯೆ ಹಾಕಿ ನೋಡೋಣ. ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 1200 ಮಿ.ಮೀ. ಇರುವ ಫ್ಯಾನ್, ವೇಗ 350 ಆರ್‌ಪಿಎಂ (ನಿಮಿಷಕ್ಕೆ 350 ಸುತ್ತು) ಅಂದುಕೊಳ್ಳಿ. ಇದನ್ನು ಮೊದಲು ಸೆಕೆಂಡಿಗೆ 36.7 ರೇಡಿಯನ್ ಅಂತ ಬದಲಾಯಿಸಿಕೊಳ್ಳಿ. ಆರ್‌ಪಿಎಂ ಅನ್ನೇ ಸಮೀಕರಣಕ್ಕೆ ತುರುಕಿ 9.55 ಪಟ್ಟು ತಪ್ಪು ಉತ್ತರ ತರುವುದು ಪ್ರತಿ ಬ್ಯಾಚಿನಲ್ಲೂ ಇದ್ದದ್ದೇ. ಇನರ್ಷಿಯಾ 0.2 ಕೆ.ಜಿ.-ಚದರ ಮೀಟರ್, ಪೂರ್ಣ ವೇಗದಲ್ಲಿ ಗಾಳಿಯ ಟಾರ್ಕ್ 0.5 ನ್ಯೂಟನ್-ಮೀಟರ್, ಬೇರಿಂಗ್‌ನದು 0.03 ಅಂತ ಇಟ್ಟುಕೊಳ್ಳೋಣ. ಇವು ಅಂದಾಜು ಸಂಖ್ಯೆಗಳು, ನಿಮ್ಮ ಫ್ಯಾನಿಗೆ ಬೇರೆ ಇರುತ್ತವೆ. ಶುರುವಿನಲ್ಲಿ ಗಾಳಿಯದೇ ದರ್ಬಾರು, ಬೇರಿಂಗಿನ ಸುಮಾರು 17 ಪಟ್ಟು. 86 ಆರ್‌ಪಿಎಂಗೆ ಇಳಿದಾಗ ಎರಡೂ ಸಮ. ಅಲ್ಲಿಗೆ ಬರಲು 33 ಸೆಕೆಂಡ್ ಸಾಕು. ಅಲ್ಲಿಂದ ಪೂರ್ತಿ ನಿಲ್ಲಲು ಇನ್ನೂ 47 ಸೆಕೆಂಡ್ ಬೇಕು. ಒಟ್ಟು 80 ಸೆಕೆಂಡ್. ನಿಮ್ಮ ಮನೆಯ ಫ್ಯಾನಿನ ಹತ್ತಿರ ಹತ್ತಿರ ಬಂತು, ಅಲ್ವಾ?

ಇಲ್ಲೊಂದು ಕಾಟ ಎದುರಾಗುತ್ತದೆ. ಈ ಸಮೀಕರಣವನ್ನು ಹಾಗೇ ಕೋಡ್ ಮಾಡಿದರೆ ಫ್ಯಾನ್ 80 ಸೆಕೆಂಡಿಗೆ ನಿಂತು, ಆಮೇಲೆ ಉಲ್ಟಾ ತಿರುಗಲು ಶುರುಮಾಡುತ್ತದೆ! ಉಜ್ಜಾಟ ಯಾವಾಗಲೂ ಚಲನೆಗೆ ಎದುರು ಅನ್ನುವುದು ನಮಗೆ ಗೊತ್ತು, ಸಮೀಕರಣಕ್ಕೆ ಗೊತ್ತಿಲ್ಲ. ವೇಗ ಸೊನ್ನೆಗೆ ಬಂದ ಕೂಡಲೇ ಸಿಮ್ಯುಲೇಶನ್ ನಿಲ್ಲಿಸಿಬಿಡಿ, ಈ ಫ್ಯಾನಿಗೆ ಅಷ್ಟು ಸಾಕು. ಎರಡೂ ಕಡೆ ತಿರುಗುವ ಯಂತ್ರವಾದರೆ ಗಾಳಿ, ಬೇರಿಂಗ್ ಎರಡೂ ಟಾರ್ಕಿನ ಚಿಹ್ನೆಯನ್ನು ವೇಗದ ಚಿಹ್ನೆಯಿಂದಲೇ ತೆಗೆದುಕೊಳ್ಳುವ ಹಾಗೆ ಬರೆಯಬೇಕು.

ಇನ್ನು, ಯಾವ ತಡೆ ಎಲ್ಲಿ ಜೋರು ಅಂತ ಊಹಿಸುತ್ತಾ ಕೂರಬೇಕಿಲ್ಲ, ಅಳೆಯಬಹುದು. ಫ್ಯಾನ್ ನಿಂತಿರುವಾಗ ಒಂದು ರೆಕ್ಕೆಗೆ ಸಣ್ಣ ಬಣ್ಣದ ಟೇಪ್ ಅಂಟಿಸಿ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿನಂತೆ ವಿಡಿಯೊ ಮಾಡಿ. 350 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸುಮಾರು 41 ಫ್ರೇಮ್ ಸಿಗುತ್ತದೆ. ಕೆಲವು ಕಡೆ ಫ್ರೇಮ್ ಎಣಿಸಿ ವೇಗ ಬರೆದುಕೊಂಡು ಮೂರು ಗ್ರಾಫ್ ಹಾಕಿ. ಸಮಯದ ಎದುರು ವೇಗದ ಲಾಗರಿದಮ್ ನೇರ ಗೆರೆಯಾದರೆ ಪುಸ್ತಕದ ಡ್ಯಾಂಪರ್. ಒಂದು ಭಾಗಿಸು ವೇಗ ನೇರ ಗೆರೆಯಾದರೆ ಗಾಳಿ. ಬರೀ ವೇಗವೇ ನೇರವಾಗಿ ಇಳಿದರೆ ಬೇರಿಂಗ್. ಜೋರಾಗಿ ತಿರುಗುವಾಗ ಎರಡನೆಯದು, ನಿಲ್ಲುವ ಹೊತ್ತಿಗೆ ಮೂರನೆಯದು ನೇರವಾಗುತ್ತಾ ಬರುವುದು ಕಾಣುತ್ತದೆ.

ಆದರೆ ಈ ಪ್ರಯೋಗದಿಂದ ಇನರ್ಷಿಯಾ ಸಿಗುವುದಿಲ್ಲ. ಸಮೀಕರಣದ ಎರಡೂ ಕಡೆ ಇನರ್ಷಿಯಾದಿಂದ ಭಾಗಿಸಿ ನೋಡಿ: ಉಳಿಯುವುದು ಎರಡು ಅನುಪಾತ ಮಾತ್ರ. ಇನರ್ಷಿಯಾ, ಗಾಳಿ, ಬೇರಿಂಗ್ ಮೂರನ್ನೂ ದುಪ್ಪಟ್ಟು ಮಾಡಿದರೂ ಗ್ರಾಫ್ ಕೂದಲೆಳೆಯಷ್ಟೂ ಕದಲುವುದಿಲ್ಲ. ಹಾಗಾಗಿ ಇನರ್ಷಿಯಾವನ್ನು ಬೇರೆ ದಾರಿಯಿಂದ ತರಬೇಕು. ಹೊಸ ರೆಕ್ಕೆ ಕೈಗೆ ಸಿಕ್ಕರೆ ತೂಕ ಮಾಡಿ, ಅಳತೆ ಹಿಡಿದು ಲೆಕ್ಕ ಹಾಕಿ. ಲ್ಯಾಬಿನಲ್ಲಾದರೆ ಶಾಫ್ಟಿಗೆ ದಾರ ಸುತ್ತಿ ತೂಕ ಇಳಿಬಿಡುವ ಫ್ಲೈವೀಲ್ ಪ್ರಯೋಗ ಇದ್ದೇ ಇದೆ.

ಪ್ರಶ್ನೆ: ಎರಡು ಚಕ್ರ, ನಡುವೆ ಉಕ್ಕಿನ ಶಾಫ್ಟ್. ಪೈಥಾನ್‌ನಲ್ಲಿ ಆಯ್ಲರ್ ವಿಧಾನದಿಂದ (ಸಮಯವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಈಗಿನ ದರದಿಂದ ಮುಂದಿನ ಹೆಜ್ಜೆಯ ಬೆಲೆ ತೆಗೆಯುವುದು) ಸಿಮ್ಯುಲೇಟ್ ಮಾಡಿದೆ. ಶಾಫ್ಟಿನ ತಿರುಚು ಬೆಳೆಯುತ್ತಲೇ ಹೋಗುತ್ತದೆ. ಚಿಹ್ನೆಗಳನ್ನೆಲ್ಲ ನೋಡಿದ್ದೇನೆ, ಸರಿಯಿವೆ.

ಉತ್ತರ: ಚಿಹ್ನೆ ಸರಿ ಇದ್ದರೂ ಹೀಗಾಗುತ್ತದೆ. 10 ಮಿ.ಮೀ. ದಪ್ಪ, ಅರ್ಧ ಮೀಟರ್ ಉದ್ದದ ಉಕ್ಕಿನ ಶಾಫ್ಟನ್ನು ಒಂದು ರೇಡಿಯನ್ ತಿರುಚಲು ಲೆಕ್ಕದ ಪ್ರಕಾರ ಸುಮಾರು 157 ನ್ಯೂಟನ್-ಮೀಟರ್ ಬೇಕು. ಎರಡೂ ತುದಿಗೆ 0.01 ಕೆ.ಜಿ.-ಚದರ ಮೀಟರ್‌ನ ಚಕ್ರ ಇದ್ದರೆ ಅದು ಸೆಕೆಂಡಿಗೆ 28 ಸಲ ಆ ಕಡೆ ಈ ಕಡೆ ಆಡುತ್ತದೆ. ಡ್ಯಾಂಪಿಂಗ್ ಇಲ್ಲದಿದ್ದರೆ ಆಯ್ಲರ್ ವಿಧಾನ ಪ್ರತಿ ಹೆಜ್ಜೆಗೂ ಇಲ್ಲದ ಶಕ್ತಿಯನ್ನು ಸುಮ್ನೆ ಸೇರಿಸುತ್ತದೆ. ಹೆಜ್ಜೆ ಒಂದು ಮಿಲಿಸೆಕೆಂಡ್ ಇಟ್ಟರೂ ಒಂದೇ ಸೆಕೆಂಡಿನಲ್ಲಿ ತಿರುಚು 50 ಲಕ್ಷ ಪಟ್ಟು ಆಗುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಶಾಫ್ಟ್ ಎಂದೋ ಮುರಿದಿರಬೇಕು.

ಒಂದು ಸಾಲು ಬದಲಾಯಿಸಿ. ಮೊದಲು ಎರಡೂ ಚಕ್ರದ ವೇಗ ಲೆಕ್ಕ ಮಾಡಿ, ಆಮೇಲೆ ಆ ಹೊಸ ವೇಗವನ್ನೇ ಹಾಕಿ ಕೋನ ತೆಗೆಯಿರಿ. ಅದೇ ಒಂದು ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ತಿರುಚು ಹದ್ದುಬಸ್ತಿನಲ್ಲಿರುತ್ತದೆ. ಪ್ರತಿ ಹೆಜ್ಜೆಯೊಳಗೆ ದರವನ್ನು ಹಲವು ಸಲ ಲೆಕ್ಕ ಹಾಕುವ ರುಂಗೆ-ಕುಟ್ಟ ವಿಧಾನ ಬಳಸಿದರೂ ಸರಿಯೇ. ಜೊತೆಗೆ ಒಟ್ಟು ಶಕ್ತಿಯ ಗ್ರಾಫ್ ಒಂದನ್ನು ಯಾವಾಗಲೂ ಹಾಕಿ. ಹೊರಗಿನಿಂದ ಟಾರ್ಕ್ ಇಲ್ಲದಾಗ ಅದು ಏರುತ್ತಲೇ ಹೋದರೆ ಬೇರೆ ಯಾವ ಗ್ರಾಫನ್ನೂ ನಂಬಬೇಡಿ.

ಪ್ರಶ್ನೆ: ಮೋಟರಿಗೂ ಲೋಡಿಗೂ (ಮೋಟರ್ ತಿರುಗಿಸುವ ಯಂತ್ರಕ್ಕೂ) ನಡುವೆ ಗೇರ್ ಇದ್ದಾಗ, ಮೋಟರ್ ಕಡೆಯ ಲೆಕ್ಕಕ್ಕೆ ಲೋಡಿನ ಇನರ್ಷಿಯಾವನ್ನು ಗೇರ್ ಅನುಪಾತದಿಂದ ಭಾಗಿಸಬೇಕೋ, ಅದರ ವರ್ಗದಿಂದಲೋ?

ಉತ್ತರ: ವರ್ಗದಿಂದ. 10ಕ್ಕೆ 1ರಂತೆ ವೇಗ ಇಳಿಸುವ ಗೇರಿನಲ್ಲಿ ಲೋಡಿನ ವೇಗೋತ್ಕರ್ಷ ಹತ್ತನೇ ಒಂದು. ಅದಕ್ಕೆ ಬೇಕಾದ ಟಾರ್ಕ್ ಮೋಟರ್ ಕಡೆಗೆ ಬರುವಾಗ ಮತ್ತೆ ಹತ್ತನೇ ಒಂದು. ಹೀಗಾಗಿ ಮೋಟರಿಗೆ ಲೋಡಿನ ಇನರ್ಷಿಯಾದ ನೂರನೇ ಒಂದು ಪಾಲು ಮಾತ್ರ ಕಾಣುತ್ತದೆ. ಲೋಡಿನ ಕಡೆಯಿಂದ ನೋಡಿದರೆ ಮೋಟರಿನ ಪುಟ್ಟ ರೋಟರ್ (ಒಳಗೆ ತಿರುಗುವ ಭಾಗ) ನೂರು ಪಟ್ಟು ಭಾರ. ಸಣ್ಣದು ಅಂತ ರೋಟರ್ ಇನರ್ಷಿಯಾವನ್ನು ಬಿಟ್ಟು ಮಾಡೆಲ್ ಮಾಡುವವರು ಈ ನೂರನ್ನು ಒಮ್ಮೆ ಗುಣಿಸಿ ನೋಡಲಿ.